ಪ್ಲಾಸ್ಮಾ ಉಂಟು

ಟೀವಿ ಕೊಳ್ಳಲು ಬಂದವರು ಮೊದಲು ಬೆಳಕು ನೋಡುತ್ತಾರೆ. ಪರದೆ ಎಷ್ಟು ಹೊಳೆದರೆ ಟೀವಿ ಅಷ್ಟು ಒಳ್ಳೆಯದು ಎಂಬುದು ಅವರ ಅಂದಾಜು. ಶೋರೂಮಿನವರಿಗೂ ಅದು ಗೊತ್ತಿರುವುದರಿಂದ ಬ್ರೈಟ್‌ನೆಸ್ ತುದಿಗೇರಿಸಿ, ಗಿಳಿ ಹಾರುವುದು, ಕಲ್ಲಂಗಡಿ ಕೊಯ್ಯುವುದು, ಇಂಥದ್ದನ್ನೇ ಹಾಕಿಟ್ಟಿರುತ್ತಾರೆ. ಮನೆಗೆ ಕೊಂಡುಹೋಗಿ ವಾರ ಕಳೆದ ಮೇಲೆ ಕಣ್ಣುರಿ ಎಂದು ನನ್ನ ಹತ್ತಿರ ಬರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರೆ ನಗುತ್ತಾರೆ. ನಾನು ನಗಿಸಲು ಹೇಳಿದ್ದಲ್ಲ.

ನಾನು ನೋಡುವುದು ಕಪ್ಪನ್ನು. ಕಿಟಕಿ ಮುಚ್ಚಿ, ದೀಪ ಆರಿಸಿ, ಕತ್ತಲೆಯ ಒಂದು ದೃಶ್ಯ ಹಾಕಬೇಕು. ಎಲ್‌ಸಿಡಿಯಲ್ಲಿ ಹಿಂದೆ ಸದಾ ಒಂದು ದೀಪ ಉರಿಯುತ್ತಿರುವುದರಿಂದ ಅಲ್ಲಿನ ಕತ್ತಲೆ ಬೂದಿ ಬಣ್ಣದ್ದು. ಪ್ಲಾಸ್ಮಾದಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿದು ತಾನೇ ಆರುತ್ತದೆ. ಅಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ. ಆಮೇಲೆ ಕಂಬಳದ ವಿಡಿಯೋ. ಜೋಡಿ ಕೋಣ ಕೆಸರಿನಲ್ಲಿ ಓಡುವಾಗ ಎಂಟು ಕಾಲೂ ಬೇರೆ ಬೇರೆ ಕಾಣಬೇಕು. ಅಗ್ಗದ ಟೀವಿಯಲ್ಲಿ ಅದು ಕಲಸಿದ ಗಂಜಿ. ಆಮೇಲೆ ಮನುಷ್ಯನ ಮುಖ, ಯಾಕೆಂದರೆ ಗಿಳಿಯ ಬಣ್ಣ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮುಖದ ಬಣ್ಣ ತಪ್ಪಿದರೆ ಮಗುವಿಗೂ ಗೊತ್ತಾಗುತ್ತದೆ. ಕೊನೆಗೆ ಬರೀ ಬಿಳಿ ಹಾಕಿ, ಹಳೆಯ ಚಿತ್ರದ ನೆರಳು ಪರದೆಯಲ್ಲಿ ಅಂಟಿಕೊಂಡಿದೆಯೇ ಎಂದು ಹುಡುಕಬೇಕು. ಪ್ಲಾಸ್ಮಾಕ್ಕೆ ಅದೊಂದು ಕಾಯಿಲೆ. ಒಂದೇ ಚಿತ್ರವನ್ನು ಬಹಳ ಕಾಲ ತೋರಿಸಿದರೆ ಅದನ್ನು ಬಿಡುವುದಿಲ್ಲ.

ಉಡುಪಿಯಲ್ಲಿ ನಮ್ಮದೊಂದು ಟೀವಿ ರಿಪೇರಿ ಅಂಗಡಿ. ನಮ್ಮದು ಎಂದರೆ ಅಣ್ಣನದು ಮತ್ತು ನನ್ನದು. ಬಿಚ್ಚುವುದು, ಬೆಸುಗೆ ಹಾಕುವುದು ಅಣ್ಣನ ಕೆಲಸ. ಹಳೆಯ ಸೆಟ್ ನೋಡಿ ಇದರ ಬೆಲೆ ಇಷ್ಟು ಎನ್ನುವುದು ನನ್ನದು. ಮಣಿಪಾಲದಲ್ಲಿ ವರ್ಗವಾಗಿ ಹೋಗುವ ಪ್ರೊಫೆಸರುಗಳು, ಕಾಪುವಿನಲ್ಲಿ ಗಲ್ಫ್‌ನಿಂದ ಪ್ಲಾಸ್ಮಾ ಹೊತ್ತು ತಂದವರು, ಕಾರ್ಕಳದ ಲಾಡ್ಜಿನವರು, ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ನನ್ನ ಬಾಯಿ ಒರಟು, ಆದರೆ ಅಂದಾಜು ತಪ್ಪುವುದಿಲ್ಲ ಎಂದು ಹೆಸರಿತ್ತು. ಮನೆ ಕಾಪುವಿನಲ್ಲಿ. ನಾನು ಮದುವೆಯಾಗಲಿಲ್ಲ, ಅಣ್ಣನಿಗೆ ಮಕ್ಕಳಾಗಲಿಲ್ಲ. ಅಣ್ಣ, ಅತ್ತಿಗೆ, ನಾನು, ಹೀಗೆ ಮೂವರು ಒಂದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದೆವು. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೊರೊನಾದ ಎರಡನೆಯ ಸುತ್ತಿನಲ್ಲಿ ನಮಗಿಬ್ಬರಿಗೂ ಒಟ್ಟಿಗೆ ಜ್ವರ ಬಂತು. ನನ್ನದು ಮಾಳಿಗೆಯ ಕೋಣೆಯಲ್ಲೇ ಮುಗಿಯಿತು. ಅಣ್ಣನನ್ನು ಮಣಿಪಾಲಕ್ಕೆ ಸೇರಿಸಬೇಕಾಯಿತು. ಐದನೆಯ ದಿನ ಡಾಕ್ಟರು, ಕಾಯಿಲೆಯಿಂದ ಗುಣವಾದವರ ಪ್ಲಾಸ್ಮಾ ಸಿಕ್ಕಿದರೆ ಕೊಟ್ಟು ನೋಡಬಹುದು ಎಂದರು. ರಕ್ತದಿಂದ ಕೆಂಪನ್ನು ಬೇರೆ ಮಾಡಿ ಉಳಿಯುವ ಹಳದಿ ನೀರು ಅದು. ನನ್ನದು ಆಗುವಂತಿರಲಿಲ್ಲ, ನನಗಿನ್ನೂ ಜ್ವರ ಬಿಟ್ಟಿರಲಿಲ್ಲ. ಮಂಚದ ಮೇಲೆ ಮಲಗಿಕೊಂಡೇ ನಲವತ್ತು ನಂಬರಿಗಾದರೂ ಫೋನ್ ಮಾಡಿರಬೇಕು. ಒಬ್ಬ ಬರುತ್ತೇನೆ ಎಂದು ಹೇಳಿ ಸ್ವಿಚ್ ಆಫ್ ಮಾಡಿಕೊಂಡ. ಅವನ ನಂಬರು ಈಗಲೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ, ಕರೆ ಮಾಡಿ ಬೈದೂ ಇಲ್ಲ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಕೆಳಗಿನ ಕೋಣೆಯಲ್ಲಿ ನಡೆಯುತ್ತಿತ್ತು. ಅತ್ತಿಗೆಗೆ ಹಿರಿಯಡ್ಕದಲ್ಲಿ ಒಬ್ಬ ತಮ್ಮನಿದ್ದಾನೆ. ಅವನಿಗೆ ಈ ಕಾಯಿಲೆ ಎರಡು ತಿಂಗಳ ಹಿಂದೆಯೇ ಬಂದು ಹೋಗಿತ್ತು. ಅಣ್ಣನ ರಕ್ತದ ಗುಂಪೂ ಅವನದೂ ಒಂದೇ. ಆದರೆ ಅಕ್ಕ ತಮ್ಮನಿಗೆ ಮಾತು ಬಿಟ್ಟು ಏಳು ವರ್ಷ. ಅವನ ಹೊಸ ಮನೆಯ ಒಕ್ಕಲಿನ, ಅಂದರೆ ಗೃಹಪ್ರವೇಶದ, ಕಾಗದದಲ್ಲಿ ಅಣ್ಣನ ಹೆಸರು ಹಾಕಿರಲಿಲ್ಲ, ಅಷ್ಟಕ್ಕೇ. ಅತ್ತಿಗೆ ಎರಡು ದಿನ ಫೋನನ್ನು ಕೈಯಲ್ಲಿ ಹಿಡಿಯುವುದು, ಕೆಳಗಿಡುವುದು ಮಾಡಿದರು. ಮೂರನೆಯ ಬೆಳಿಗ್ಗೆ ಮಾಡಿದರು. ಅವನು ಹಳೆಯದನ್ನೇನೂ ಎತ್ತದೆ ಆಗಲೇ ಹೊರಟ. ಅವನ ಗಾಡಿ ಪರ್ಕಳ ದಾಟುವಾಗ ಆಸ್ಪತ್ರೆಯಿಂದ ನಮಗೆ ಫೋನ್ ಬಂತು.

ಹೆಣವನ್ನು ನಮಗೆ ಕೊಡಲಿಲ್ಲ. ಯಾರು ಯಾರೋ ಸುಟ್ಟರು. ಹದಿಮೂರನೆಯ ದಿನದ ಊಟಕ್ಕೆ, ನಾವು ಬೊಜ್ಜ ಎನ್ನುತ್ತೇವೆ, ಐದು ಜನ ಕುಳಿತೆವು. ನನಗೆ ಪದಾರ್ಥದ ವಾಸನೆಯಾಗಲಿ ರುಚಿಯಾಗಲಿ ತಿಳಿಯುತ್ತಿರಲಿಲ್ಲ. ದುಃಖವೂ ಹಾಗೆಯೇ ಇತ್ತು. ಎಲೆಯ ಮೇಲೆ ಬಡಿಸಿದ್ದಾರೆಂದು ಕಾಣುತ್ತಿತ್ತು, ಅಷ್ಟೇ. ಅತ್ತಿಗೆ ಅಳಲಿಲ್ಲ. ಬಂದವರಿಗೆಲ್ಲ ಅದು ಆಶ್ಚರ್ಯ. ಎರಡು ದಿನದ ಕತೆಯನ್ನು ಅವರು ನನಗೆ ಹೇಳಿದ್ದು ಆವತ್ತು ಸಂಜೆ, ಪಾತ್ರೆ ತೊಳೆಯುತ್ತ, ಬೆನ್ನು ನನ್ನ ಕಡೆಗಿಟ್ಟುಕೊಂಡು.

“ಎರಡು ದಿನ ನಾನು ಫೋನ್ ಮಾಡಲಿಲ್ಲ. ನಾನೇ ಕೊಂದದ್ದು” ಎಂದರು.

ಹಾಗೆ ಹೇಳಬೇಡಿ ಎಂದೆ. ಆಮೇಲೆ ಅವರು ನಿದ್ದೆ ಮಾಡುವುದನ್ನು ಬಿಟ್ಟರು. ಬೆಳಿಗ್ಗೆ ನಾನು ಎದ್ದು ಬರುವಾಗ ಜಗಲಿಯಲ್ಲಿ ರಾತ್ರಿ ಕುಳಿತಲ್ಲೇ, ಕುಳಿತ ಹಾಗೆಯೇ ಇರುತ್ತಿದ್ದರು.

ಒಂದು ದಿನ ಹಾಲ್‌ನಲ್ಲಿದ್ದ ಪ್ಲಾಸ್ಮಾವನ್ನು ತೆಗೆದುಕೊಂಡು ಹೋಗು ಎಂದರು. ನಲವತ್ತೆರಡು ಇಂಚಿನದು. ಹನ್ನೊಂದು ವರ್ಷದ ಹಿಂದೆ ಮಣಿಪಾಲದ ಒಬ್ಬ ಪ್ರೊಫೆಸರ್ ಊರು ಬಿಡುವಾಗ ನಾನೇ ಬೆಲೆ ಕಟ್ಟಿ ಅಣ್ಣನಿಗೆ ಕೊಡಿಸಿದ್ದು. ಪ್ಲಾಸ್ಮಾ ಉರಿಯುವಾಗ ಬಿಸಿಯಾಗುತ್ತದೆ, ಎದುರು ಕುಳಿತವರಿಗೆ ಮೈಗೆ ತಾಗುತ್ತದೆ. ಅತ್ತಿಗೆಗೆ ಅದೇ ತೊಂದರೆ. ಹಾಕಿದರೆ ಆ ಕಡೆ ಯಾರೋ ಕೂತ ಹಾಗೆ ಆಗ್ತದೆ ಎಂದರು. ಮೂಢನಂಬಿಕೆ ಎಂದು ಬೇರೆ ದಿನವಾಗಿದ್ದರೆ ನಾನು ಗದರಿಸುತ್ತಿದ್ದೆ.

ಕೊಡುವ ಮುಂಚೆ ಪರೀಕ್ಷೆ ಮಾಡಿದೆ, ಬೇರೆಯವರ ಸೆಟ್ಟಿಗೆ ಮಾಡುವ ಹಾಗೆಯೇ. ಕಪ್ಪು ಚೆನ್ನಾಗಿತ್ತು. ಕೋಣದ ಕಾಲು ಎಣಿಸಬಹುದಿತ್ತು. ಬಿಳಿ ಹಾಕಿದಾಗ ಕೆಳಗಡೆ ಉದ್ದಕ್ಕೆ ಒಂದು ಪಟ್ಟಿ ಮಸುಕಾಗಿ ಕಂಡಿತು. ಅಣ್ಣ ದಿನವೂ ನೋಡುತ್ತಿದ್ದ ವಾರ್ತೆಯ ಚಾನೆಲಿನ ಅಕ್ಷರ ಓಡುವ ಜಾಗ. ಪರದೆಗೆ ಹತ್ತಕ್ಕೆ ಎಂಟು ಅಂಕ ಕೊಡಬಹುದು ಎನಿಸಿತು, ನೆರಳಿಗೆ ಒಂದು ಕಳೆದು ಏಳು. ಬೆಲೆಯ ಮಾತು ಬೇರೆ. ಈಗ ಪ್ಲಾಸ್ಮಾ ಯಾರೂ ಮಾಡುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ, ಕರೆಂಟು ಕುಡಿಯುತ್ತದೆ, ಎತ್ತಲು ಇಬ್ಬರು ಬೇಕು. ಚಿತ್ರದಲ್ಲಿ ಹೊಸ ಟೀವಿಗಳನ್ನು ಸೋಲಿಸುವ ಸೆಟ್ಟಿಗೆ ಗುಜರಿಯ ಕ್ರಯ. ನಾಲ್ಕು ಸಾವಿರ ಬಂದರೆ ಕೊಡುವುದು ಎಂದುಕೊಂಡೆ.

ನಮ್ಮ ಕಸುಬಿನಲ್ಲಿ ಪ್ಲಾಸ್ಮಾ ಎಂದರೆ ಪ್ಲಾಸ್ಮಾ. ಮುಂದೆ ಟೀವಿ ಎಂದು ಸೇರಿಸುವವರಿಲ್ಲ. ಹಾಗಾಗಿ ವಾಟ್ಸಾಪಿನಲ್ಲಿ ಹೀಗೆ ಹಾಕಿದೆ: “ಒಳ್ಳೆಯ ಪ್ಲಾಸ್ಮಾ ಉಂಟು. ಕೊಡುವುದುಂಟು. ಬೇಕಾದವರು ಬೇಗ ಫೋನ್ ಮಾಡಿ. ಕಾಪು.” ಕೆಳಗೆ ನಂಬರು. ತಿಂಗಳ ಹಿಂದೆ ಅದೇ ಪದವನ್ನು ನಲವತ್ತು ಮಂದಿಯ ಮುಂದೆ ಬೇಡಿದವನು ನಾನು. ಬರೆಯುವಾಗ ಅದು ಹೊಳೆಯಲೇ ಇಲ್ಲ. ತಲೆ ಹಾಗಾಗಿತ್ತು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ಹತ್ತು ನಿಮಿಷದೊಳಗೆ ಕಾರ್ಕಳದಿಂದ ಫೋನ್ ಬಂತು. ಗಂಡಸಿನ ದನಿ, ಅವಸರದ್ದು, ಆದರೆ ಮರ್ಯಾದೆಯದ್ದು.

“ಪ್ಲಾಸ್ಮಾ ಉಂಟು ಅಂತ ಹಾಕಿದ್ದು ನೀವೇ ಅಲ್ವಾ? ಇನ್ನೂ ಉಂಟಾ?”

ಉಂಟು ಎಂದೆ.

“ಯಾವ ಗ್ರೂಪು?”

ನಾನು ಹಾಕಿದ್ದು ಮೂರು ಗ್ರೂಪಿಗೆ. ಮೂರರ ಹೆಸರೂ ಹೇಳಿದೆ. ಆತ, ಪರವಾಗಿಲ್ಲ, ಅದನ್ನು ಅವರೇ ನೋಡಿಕೊಳ್ಳುತ್ತಾರೆ ಎಂದರು. ಯಾರು ನೋಡಿಕೊಳ್ಳುತ್ತಾರೆ ಎಂದು ನನಗೆ ತಿಳಿಯಲಿಲ್ಲ. ಮಧ್ಯದಲ್ಲಿ ದಲ್ಲಾಳಿಯನ್ನು ತರುತ್ತಾನೇನೋ ಎಂದು ಸಣ್ಣ ಸಿಟ್ಟು ಬಂತು.

“ಎಷ್ಟು ಸಮಯ ಆಯ್ತು?”

“ಹನ್ನೊಂದು ವರ್ಷ.”

“ಹನ್ನೊಂದು ದಿನ ಸಾಕಾಗುದಿಲ್ಲ ಅಂತ ಹೇಳ್ತಾರಲ್ಲ.”

“ದಿನ ಅಲ್ಲ ಮಾರಾಯ್ರೇ, ವರ್ಷ. ಆದ್ರೆ ಒಳ್ಳೆಯದುಂಟು. ನಾನೇ ಹಾಕಿ ನೋಡಿದ್ದೇನೆ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇನ್ನೂ ಎರಡು ಮಾತು ನಡೆಯಿತು. ಆಮೇಲೆ ಆತ, ನನ್ನ ಹೆಂಡತಿ ಮಣಿಪಾಲದಲ್ಲಿದ್ದಾಳೆ, ಆಕ್ಸಿಜನ್ ಇಟ್ಟಿದ್ದಾರೆ, ಇವತ್ತೇ ಆಗಬೇಕು ಎಂದರು. ಆಗ ನನಗೆ ತಿಳಿಯಿತು. ಇದು ಟೀವಿ ಎಂದೆ.

“ಓ. ಟೀವಿಯಾ” ಎಂದರು. ಬೈಯಲಿಲ್ಲ. ತೊಂದರೆ ಕೊಟ್ಟೆ, ಸಾರಿ ಎಂದು ನನ್ನ ಹತ್ತಿರವೇ ಕ್ಷಮೆ ಕೇಳಿ ಫೋನ್ ಇಟ್ಟರು.

ಸಂದೇಶವನ್ನು ಅಳಿಸಿದೆ. ಅಷ್ಟರಲ್ಲಿ ಅದು ಯಾರ ಯಾರ ಕೈಗೆ ಹೋಗಿತ್ತೋ, ಸಂಜೆಯವರೆಗೆ ಫೋನ್ ಬರುತ್ತಲೇ ಇತ್ತು. ಒಬ್ಬಳು ಹುಡುಗಿ ಟೀವಿ ಎಂದು ಕೇಳಿ ಅತ್ತಳು. ಒಬ್ಬ, ಹೆಣದ ಮೇಲೆ ವ್ಯಾಪಾರ ಮಾಡ್ತೀಯಾ ಎಂದು ನನ್ನ ತಂದೆ ತಾಯಿಯನ್ನೆಲ್ಲ ಎತ್ತಿ ಬೈದ. ಬೈಗುಳ ಕಿವಿಯವರೆಗೆ ಬಂದು ಅಲ್ಲೇ ನಿಂತಿತ್ತು.

ಕಾರ್ಕಳದವರು ಮರುದಿನ ಮತ್ತೆ ಮಾಡಿದರು. ನಿನ್ನೆ ಮಾತಾಡುವಾಗ ನಿಮಗೆ ಕೆಮ್ಮು ಬರುತ್ತಿತ್ತು, ಬೇಜಾರು ಮಾಡಬೇಡಿ, ನಿಮಗೂ ಬಂದಿತ್ತಾ ಎಂದು ಕೇಳಿದರು. ಬಂದಿತ್ತು ಎಂದೆ. ಗುಣವಾಗಿ ಎಷ್ಟು ದಿನವಾಯಿತು, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಉಂಟೋ, ಒಂದೊಂದನ್ನೇ ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಎಲ್ಲ ಉತ್ತರವೂ ಅವರಿಗೆ ಬೇಕಾದದ್ದೇ ಆಗಿತ್ತು. ರಕ್ತದ ಗುಂಪು ಎಬಿ ಎಂದಾಗ ಅವರ ಉಸಿರು ಕೇಳಿಸಿತು. ಆ ಗುಂಪಿನವರ ಪ್ಲಾಸ್ಮಾ ಯಾರಿಗೂ ಆಗುತ್ತದಂತೆ.

ನಾಳೆ ಹೇಳುತ್ತೇನೆ ಎಂದೆ. ನನಗೆ ಸಿಟ್ಟು ಬಂದಿತ್ತು. ನನ್ನ ಅಣ್ಣನಿಗೆ ಸಿಗದ್ದು ಇವರಿಗೆ ಯಾಕೆ ಸಿಗಬೇಕು ಎಂಬ ಸಿಟ್ಟು. ಇದನ್ನು ಒಳ್ಳೆಯ ಮಾತಿನಲ್ಲಿ ಸುತ್ತಿ ಹೇಳಲು ನನಗೆ ಆಸೆಯಿಲ್ಲ. ಫೋನ್ ಸ್ವಿಚ್ ಆಫ್ ಮಾಡಿದರೆ ಮುಗಿಯಿತು, ಇನ್ನೊಬ್ಬ ಮಾಡಿದ ಹಾಗೆ. ಅತ್ತಿಗೆ ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದರು.

“ಹೋಗು. ನಾಳೆ ಅಂತ ಹೇಳಬೇಡ” ಎಂದರು. ಬರುವಾಗ ಹಾಲು ತರಬೇಕು ಎಂದೂ ಹೇಳಿದರು.

ಮಣಿಪಾಲದಲ್ಲಿ ಮೊದಲು ರಕ್ತ ಪರೀಕ್ಷೆ, ಆಮೇಲೆ ಒರಗುವ ಕುರ್ಚಿ. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ ಕೆಂಪು ಭಾಗ ನನಗೇ ವಾಪಸ್ ಬರುತ್ತಿತ್ತು, ಹಳದಿ ಚೀಲದಲ್ಲಿ ಉಳಿಯುತ್ತಿತ್ತು. ಗಂಟೆಯ ಹತ್ತಿರ ಹಿಡಿಯಿತು. ತುಟಿ ಸ್ವಲ್ಪ ಜುಮುಗುಟ್ಟಿತು. ಚೀಲ ತುಂಬಿದ ಮೇಲೆ ಅಲ್ಲಿನ ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿ, ಒಳ್ಳೆಯದುಂಟು ಸರ್ ಎಂದಳು. ನಾನೂ ನೋಡಿದೆ. ಎಳ್ಳೆಣ್ಣೆಯ ಬಣ್ಣ, ತಿಳಿಯಾಗಿತ್ತು. ಇದನ್ನು ಹೇಗೆ ಅಳೆಯುವುದು ಎಂದು ನನಗೆ ಗೊತ್ತಿರಲಿಲ್ಲ. ಅಣ್ಣನಿಗಾಗಿ ನಾನು ಹುಡುಕಿದ್ದು ಇದನ್ನೇ ಎಂದು ಮನಸ್ಸಿಗೆ ಹೇಳಿದೆ, ಮನಸ್ಸು ಕೇಳಿಸಿಕೊಳ್ಳಲಿಲ್ಲ.

ಆತ ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕಾಯುತ್ತಿದ್ದರು. ಒಂದರ ಮೇಲೊಂದು ಎರಡು ಮಾಸ್ಕು. ಕಾರ್ಕಳದಲ್ಲಿ ಗ್ರಾನೈಟು ಕೊಯ್ಯುವ ಯಂತ್ರದಲ್ಲಿ ಕೆಲಸವಂತೆ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇನ್ನೂ ಇತ್ತು. ದೂರದಲ್ಲೇ ನಿಂತು ಕೈ ಮುಗಿದರು. ಆಮೇಲೆ, ಆ ಟೀವಿ ಹೋಯಿತಾ ಎಂದು ಕೇಳಿದರು. ಇಲ್ಲ ಎಂದೆ. ಒಳ್ಳೆಯದು ಅಂತ ಹೇಗೆ ಗೊತ್ತಾಗುತ್ತದೆ ಎಂದರು.

ಆ ಬಿಸಿಲಿನಲ್ಲಿ, ಆಂಬುಲೆನ್ಸ್ ಬಂದು ಹೋಗುವ ದಾರಿಯ ಪಕ್ಕ ನಿಂತು, ಕಪ್ಪನ್ನು ನೋಡುವುದು ಹೇಗೆಂದು ನಾನು ಕಾಲು ಗಂಟೆ ವಿವರಿಸಿದೆ. ಅವರು ಪರೀಕ್ಷೆಗೆ ಕೂತವರ ಹಾಗೆ ಕೇಳಿದರು. ನಮ್ಮಲ್ಲಿಯೂ ಹಾಗೆಯೇ, ಕಲ್ಲಿಗೆ ನೀರು ಎರಚಿ ನೋಡುತ್ತೇವೆ, ಒಣಗಿರುವಾಗ ಎಲ್ಲ ಕಲ್ಲಿನ ಬಣ್ಣವೂ ಒಂದೇ ಎಂದರು. ಅದು ನನಗೆ ಇಷ್ಟವಾಯಿತು. ಒಂದು ತಿಂಗಳಲ್ಲಿ ನನಗೆ ಇಷ್ಟವಾದ ಮೊದಲ ಸಂಗತಿ ಅದೇ ಇರಬೇಕು.

“ಅವಳಿಗೆ ಧಾರಾವಾಹಿ ಅಂದ್ರೆ ಆಯ್ತು. ನಮ್ಮದು ಹಳೇ ಡಬ್ಬದ ಟೀವಿ” ಎಂದರು. “ಅವಳು ಮನೆಗೆ ಬಂದ ಮೇಲೆ ನಾನೇ ತಗೊಳ್ತೇನೆ. ಬೇರೆಯವರಿಗೆ ಕೊಡಬೇಡಿ.”

ಆಗಲಿ ಎಂದೆ. ಹಾಲಿನ ಪ್ಯಾಕೆಟ್ ತೆಗೆದುಕೊಂಡು ಮನೆಗೆ ಬಂದೆ. ಟೀವಿಯನ್ನು ಅವರು ಕೇಳಿದ್ದನ್ನು ಅತ್ತಿಗೆಗೆ ಹೇಳಲಿಲ್ಲ. ಆ ಹೆಂಗಸು ಮನೆಗೆ ಬರುತ್ತಾರೋ ಇಲ್ಲವೋ, ಅದರ ಮೇಲೆ ನಿಂತ ವ್ಯಾಪಾರವನ್ನು ಯಾರಿಗೆಂದು ಹೇಳುವುದು.

ಹತ್ತು ದಿನ ಕಳೆದಿರಬಹುದು. ಟೀವಿ ಇನ್ನೂ ಹಾಲ್‌ನಲ್ಲೇ ಇತ್ತು, ಗೋಡೆಯ ಕಡೆ ಮುಖ ಮಾಡಿ. ಲಾಕ್‌ಡೌನ್ ಎಷ್ಟು ದಿನ ಮುಂದೆ ಹೋಯಿತು ಎಂದು ನೋಡಲು ನಾನು ಅದನ್ನು ತಿರುಗಿಸಿ ವಾರ್ತೆ ಹಾಕಿದೆ. ಕೊರೊನಾದ ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾವನ್ನು ತೆಗೆದುಹಾಕಿದ್ದಾರೆ ಎಂದು ಓದುತ್ತಿದ್ದರು. ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಕಾಣಲಿಲ್ಲವಂತೆ. ಒಬ್ಬ ಡಾಕ್ಟರು ಬಂದು ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಟೀವಿಗೇ ಹೇಳಿದೆ. ಹಾಗಾದರೆ ಆ ನಲವತ್ತು ಫೋನು, ಆ ಗೋಗರೆತ, ಆ ಹಳದಿ ಚೀಲ, ಯಾವುದೂ ಯಾವುದಕ್ಕೂ ಆಗಿರಲಿಲ್ಲ. ಸಿಟ್ಟು ಬರುವ ಹಾಗಿತ್ತು, ಬರಲಿಲ್ಲ.

ಅತ್ತಿಗೆ ಅಡುಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ವಾರ್ತೆ ಬೇರೆ ಕಡೆ ಹೋದ ಮೇಲೂ ನಿಂತೇ ಇದ್ದರು.

“ಹಾಗಾದ್ರೆ ನಾನು ಮೊದಲ ದಿನವೇ ತಮ್ಮನಿಗೆ ಫೋನ್ ಮಾಡಿದ್ದರೂ ಅಷ್ಟೇ ಅಲ್ವಾ?”

“ಅಷ್ಟೇ ಅತ್ತಿಗೆ.”

“ಸರಿಯಾಗಿ ಕೇಳಿಸಿಕೊಂಡೆಯಾ ನೀನು?”

ಕೇಳಿಸಿಕೊಂಡೆ ಎಂದೆ. ಮೊಬೈಲಿನಲ್ಲಿ ಬಂದದ್ದನ್ನೂ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆವತ್ತು ಊಟ ಮಾಡಿ ಮಲಗಿದವರು ಮರುದಿನ ಎಂಟು ಗಂಟೆಯವರೆಗೆ ಏಳಲಿಲ್ಲ. ನಾನು ಹೆದರಿ ಬಾಗಿಲ ಹತ್ತಿರ ಹೋಗಿ ನೋಡಿದೆ. ಬಾಯಿ ತೆರೆದು ಮಲಗಿದ್ದರು, ಗೊರಕೆ ಕೇಳುತ್ತಿತ್ತು. ಅಲ್ಲಿಂದ ಮುಂದೆ ದಿನವೂ ಮಲಗಿದರು. ಹಿರಿಯಡ್ಕದ ತಮ್ಮನಿಗೆ ಒಂದು ದಿನ ತಾವಾಗಿ ಫೋನ್ ಮಾಡಿ, ಮಕ್ಕಳ ಬಗ್ಗೆ ಕೇಳಿದರು.

ಅದಾಗಿ ವಾರಕ್ಕೆ ಕಾರ್ಕಳದವರ ಫೋನು. ನಾನು ಅಂಗಡಿಯಲ್ಲಿದ್ದೆ, ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆಯಲು ಬಿಟ್ಟಿದ್ದರು. ಹೆಂಡತಿ ಮನೆಗೆ ಬಂದಿದ್ದಾಳೆ ಎಂದರು. ದನಿ ಗುರುತೇ ಸಿಗಲಿಲ್ಲ.

“ನಿಮ್ಮ ಪ್ಲಾಸ್ಮಾ ಕೊಟ್ಟ ಮರುದಿನದಿಂದಲೇ ಕಾಯಿಲೆ ಇಳಿಯಿತು. ಅದರಿಂದಲೇ. ನೀವು ಎಂತ ಬೇಕಾದ್ರೂ ಹೇಳಿ, ಅದರಿಂದಲೇ.”

ವಾರ್ತೆಯನ್ನು ಅವರೂ ನೋಡಿದ್ದರು. ಡಾಕ್ಟರುಗಳಿಗೆ ಎಂತ ಗೊತ್ತು, ನಾನು ಕಣ್ಣಾರೆ ಕಂಡಿದ್ದೇನೆ ಎಂದರು. ಸಂತೋಷ ಎಂದೆ, ಟೀವಿ ತಂದು ಕೊಡುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಅಂಗಡಿಯ ಸ್ಟೂಲಿನಲ್ಲಿ ಕುಳಿತುಕೊಂಡೆ. ನನಗೆ ಲೆಕ್ಕ ಗೊತ್ತು: ಒಬ್ಬಳು ಬದುಕಿದರೆ ಅದು ಪ್ಲಾಸ್ಮಾದಿಂದ ಎಂದಾಗುವುದಿಲ್ಲ, ಬದುಕುವವಳಿದ್ದಳು, ಬದುಕಿದಳು. ಅತ್ತಿಗೆಗೆ ಲೆಕ್ಕ ಬೇಡ, ಕಣ್ಣಿಗೆ ಕಾಣುವ ಒಬ್ಬ ಹೆಂಗಸು ಸಾಕು. ಇದನ್ನು ಕೇಳಿದರೆ ಮತ್ತೆ ಜಗಲಿಯಲ್ಲಿ ಕೂರುತ್ತಾರೆ.

ಹಾಗಾಗಿ ಮನೆಯಲ್ಲಿ ಹೇಳಲಿಲ್ಲ. ಮಳೆಗಾಲ ಹಿಡಿದು, ಓಡಾಟ ಸಡಿಲವಾದ ಮೇಲೆ, ಟೀವಿಗೆ ಕಾರ್ಕಳದಲ್ಲಿ ಒಬ್ಬ ಗಿರಾಕಿ ಸಿಕ್ಕಿದ್ದಾನೆ ಎಂದಷ್ಟೇ ಹೇಳಿ ಗೂಡ್ಸ್ ಟೆಂಪೋ ತರಿಸಿದೆ. ಪ್ಲಾಸ್ಮಾವನ್ನು ಮಲಗಿಸಿ ಸಾಗಿಸಬಾರದು, ಗಾಜು ಒಡೆಯುತ್ತದೆ. ಶಿರ್ವ, ಬೆಳ್ಮಣ್ ದಾರಿಯಲ್ಲಿ ಹಿಂದುಗಡೆ ನಿಂತು ಅದನ್ನು ಅಪ್ಪಿ ಹಿಡಿದುಕೊಂಡು ಹೋದೆ. ಟರ್ಪಾಲಿನ ಅಂಚಿನಿಂದ ನೀರು ಕುತ್ತಿಗೆಗೆ ಇಳಿಯುತ್ತಿತ್ತು.

ಅವರ ಮನೆ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ. ನಾನು ಹೋಗುವಾಗಲೇ ಆತ ಕಿಟಕಿಗಳಿಗೆಲ್ಲ ಹೊದಿಕೆ ಕಟ್ಟಿ ಕೋಣೆಯನ್ನು ಕತ್ತಲೆ ಮಾಡಿಟ್ಟಿದ್ದರು. ಕಪ್ಪು ನೋಡಬೇಕಲ್ಲ ಎಂದರು. ಹಾಕಿ ತೋರಿಸಿದೆ. ಚೆನ್ನಾಗುಂಟು ಎಂದು ಕಲ್ಲು ನೋಡುವ ಹಾಗೆ ಮಂಡಿಯೂರಿ ನೋಡಿದರು. ಕೆಳಗಿನ ನೆರಳನ್ನು ನಾನೇ ತೋರಿಸಿ ಬೆಲೆಯಲ್ಲಿ ಕಡಿಮೆ ಮಾಡಿದೆ. ಆಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ನಲವತ್ತರ ಹೆಂಗಸು, ಬಳೆ ಮೊಣಕೈವರೆಗೆ ಜಾರುವಷ್ಟು ಬಡಕಲಾಗಿದ್ದರು. ಗಂಡ ಒಳಗೆ ಚಹಾ ಮಾಡಲು ಹೋದಾಗ ನನ್ನ ಕಡೆ ತಿರುಗಿದರು.

“ನಿಮ್ಮಿಂದ ಉಳಿದೆ ನಾನು. ಮಕ್ಕಳಿಗೆ ಹೇಳಿದ್ದೇನೆ.”

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಿಜ ಹೇಳುವುದಾದರೆ ಆಕೆಯ ಮೇಲೆ ಸಿಟ್ಟು ಬಂತು. ನೀವು ಹೀಗೆ ಉಸಿರಾಡಿಕೊಂಡು ಕುಳಿತರೆ ನನ್ನ ಅತ್ತಿಗೆ ಗಂಡನನ್ನು ಕೊಂದ ಹಾಗಾಗುತ್ತದಲ್ಲ ಎಂಬ ಸಿಟ್ಟು. ಅದು ನ್ಯಾಯವಲ್ಲ ಎಂದೂ ಗೊತ್ತಿತ್ತು. ಆಕೆಯ ಹೆಸರು ಕೇಳಿದೆ. ಹೇಳಿದರು. ಚಹಾ ಕುಡಿದೆ, ಅದರಲ್ಲಿ ಶುಂಠಿ ಇತ್ತು ಎಂದು ನಾಲಗೆಗೆ ತಿಳಿಯಿತು. ಆರೋಗ್ಯ ನೋಡಿಕೊಳ್ಳಿ ಎಂದು ಎದ್ದೆ.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಹಾಲ್‌ನಲ್ಲಿ ಟೀವಿ ಇದ್ದ ಜಾಗವನ್ನು ಅತ್ತಿಗೆ ಗುಡಿಸಿ ಒರೆಸಿದ್ದರು. ನನಗೆ ಒರೆಸಿಕೊಳ್ಳಲು ಬೈರಾಸು ಕೊಟ್ಟು, ಬಹಳ ಸಹಜವಾಗಿ ಕೇಳಿದರು, ಕಾರ್ಕಳದವರೆಗೆ ಹೋದವನು ಆ ಹೆಂಗಸಿನ ಮನೆಗೂ ಹೋಗಿ ಬರಬಾರದಿತ್ತಾ ಎಂದು. ನೀನು ಪ್ಲಾಸ್ಮಾ ಕೊಟ್ಟಿದ್ದೆಯಲ್ಲ, ಅವಳು.

ಹೋಗಿದ್ದೆ ಎಂದೆ. ಯಾಕೆ ಹಾಗೆಂದೆನೋ.

“ಹೇಗಿದ್ದಾಳೆ?”

ನಾನು ತಲೆ ಒರೆಸುತ್ತಿದ್ದೆ. ಬೈರಾಸು ಮುಖದ ಮೇಲಿತ್ತು.

“ಇಲ್ಲ ಅತ್ತಿಗೆ” ಎಂದೆ. “ಹೋಗಿಬಿಟ್ಟರು. ನಾನು ಕೊಟ್ಟು ನಾಲ್ಕನೇ ದಿನಕ್ಕೆ.”

ಅತ್ತಿಗೆ ನೆಲದಲ್ಲಿ ಕುಳಿತರು. ಅಣ್ಣ ಹೋದಾಗ ಅಳದವರು, ಬೊಜ್ಜದ ದಿನ ಅಳದವರು, ಕಂಡೇ ಇರದ ಹೆಂಗಸಿಗಾಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ನಡು ನಡುವೆ ಅಣ್ಣನ ಹೆಸರೂ ಬರುತ್ತಿತ್ತು. ನಾನು ಪಕ್ಕದಲ್ಲಿ ಕುಳಿತೆ. ನನಗೆ ಅಳು ಬರಲಿಲ್ಲ. ಎದೆಯಲ್ಲಿ ಒಂದು ಕಡೆ ಹಗುರವಾಯಿತು, ಇನ್ನೊಂದು ಕಡೆ ಹೆದರಿಕೆಯಾಯಿತು, ಎರಡೂ ಸ್ಪಷ್ಟವಾಗಿಯೇ ಗೊತ್ತಾಯಿತು.

ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಅನ್ನ ಬಡಿಸುವ ಕ್ರಮ ನಮ್ಮಲ್ಲುಂಟು. ಅದಕ್ಕೆ ಇನ್ನು ಎರಡು ವಾರವಿತ್ತು. ಅತ್ತಿಗೆ ಮುಖ ತೊಳೆದು ಬಂದು ದೇವರಿಗೆ ದೀಪ ಇಟ್ಟರು.

“ನಿನ್ನ ಅಣ್ಣನಿಗೆ ಬಡಿಸುವಾಗ ಅವಳಿಗೂ ಒಂದು ಎಲೆ ಹಾಕ್ತೇನೆ” ಎಂದರು. “ಹೆಸರೆಂತ ಅವಳದ್ದು?”

ಬದುಕಿರುವವರ ಹೆಸರಿಗೆ ಎಲೆ ಹಾಕುವುದು ಎಂಥ ಅನಿಷ್ಟ ಎಂದು ನಮ್ಮೂರಿನ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೇರೊಂದು ಹೆಸರು ಹೇಳಿದ್ದರೆ ಆಗುತ್ತಿತ್ತು. ಆ ಹೊತ್ತಿಗೆ ನಾಲಗೆಗೆ ಒಂದೂ ಬರಲಿಲ್ಲ. ಆಕೆಯ ಹೆಸರನ್ನೇ ಹೇಳಿದೆ.